ಕೊನೆಯಲ್ಲಿ ಹೆಸರಿಸಿದ ಪರದೆ

ಕೆ.ಆರ್. ಪೇಟೆ ಹತ್ತಿರ ನಾನು ಕೆಲಸ ಮಾಡುವ ಡೇರಿಯ ಲಿನಕ್ಸ್ ಸರ್ವರಿಗೆ ಎರಡು ಸೀರಿಯಲ್ ಕೇಬಲ್ಲುಗಳಿವೆ. ಒಂದು ನನ್ನ ಮೇಜಿನ ಪರದೆಗೆ, ಇನ್ನೊಂದು ಹಾಲು ತೂಗುವ ಕೋಣೆಯಲ್ಲಿದ್ದ ಹಿರಿಯ ಆಪರೇಟರರ ಪರದೆಗೆ. ಸರ್ವರ್ ಶುರುವಾಗುವಾಗ ಬರುವ ಸಾಲುಗಳು ಎರಡೂ ಕಡೆ ಒಟ್ಟಿಗೇ ಓಡುತ್ತಿದ್ದವು. ಅವರು ಟೀ ಹಿಡಿದು ಅವನ್ನು ಪೇಪರ್ ಓದುವ ಹಾಗೆ ಓದುತ್ತಿದ್ದರು. ಆದರೆ ಡಿಸ್ಕಿನಲ್ಲಿ ಏನಾದರೂ ಎಡವಟ್ಟಾಗಿ ಸರ್ವರ್ ಪಾಸ್‌ವರ್ಡ್ ಕೇಳಿ ನಿಂತರೆ, ಆ ಪ್ರಶ್ನೆ ಬರುತ್ತಿದ್ದುದು ಬೂಟ್ ಸಾಲಿನಲ್ಲಿ, ಅಂದರೆ ಶುರುವಾಗುವಾಗ ಯಾವ ಯಾವ ಪರದೆ ಬಳಸಬೇಕೆಂದು ಸರ್ವರಿಗೆ ಹೇಳುವ ಸಾಲಿನಲ್ಲಿ, ಕೊನೆಗೆ ಹೆಸರಿಸಿದ ಪರದೆಗೆ ಮಾತ್ರ. ಆ ಸಾಲು ಬರೆದವನು ನಾನು, ಕೊನೆಯ ಹೆಸರೂ ನನ್ನ ಪರದೆಯದೇ.

“ಸುದ್ದಿ ಇಬ್ರಿಗೂ ಕೊಡ್ತದೆ, ಕೇಳೋದು ಮಾತ್ರ ನಿನ್ನ. ಇದ್ಯಾವ ಸೀಮೆ ನ್ಯಾಯ ಕಣ್ಲಾ?” ಎಂದು ಅವರು ವಾರವಿಡೀ ತಲೆ ತಿಂದರು. ಕಾಟ ತಾಳಲಾರದೆ ಹೆಸರುಗಳನ್ನು ಅದಲುಬದಲು ಮಾಡಿ ಅವರ ಪರದೆಯನ್ನು ಕೊನೆಗೆ ಹಾಕಿದೆ. ಆಮೇಲೆ ಪ್ರಶ್ನೆ ಬಂದಾಗಲೆಲ್ಲ ಕೋಣೆಯಿಂದಲೇ ಕೂಗುತ್ತಿದ್ದರು: “ನನ್ನ ಕೇಳ್ತಾ ಅದೆ, ಬಾರ್ಲಾ.” ಪಾಸ್‌ವರ್ಡ್ ಗೊತ್ತಿದ್ದದ್ದು ನನಗೆ. ಆದರೂ ಅವರು ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ, ನಾನೇ ನಿಂತು ಬಗ್ಗಿ ಒತ್ತಬೇಕಿತ್ತು.

ಅವರು ರಿಟೈರಾದ ಮೇಲೆ ಇದೆಲ್ಲ ಮರೆತೇಹೋಗಿತ್ತು. ಹೋದ ತಿಂಗಳು ಕರೆಂಟು ಹೋಗಿ ಬಂದಾಗ ನನ್ನ ಪರದೆಯಲ್ಲಿ ಸಾಲುಗಳು ಓಡಿ ಅರ್ಧಕ್ಕೇ ನಿಂತವು. ಕೇಬಲ್ಲು ಅಲುಗಾಡಿಸಿದೆ, ಸರ್ವರಿಗೆ ಬೈದೆ. ಅರ್ಧ ಗಂಟೆಯ ಮೇಲೆ ನೆನಪಾಗಿ ಆ ಕೋಣೆಗೆ ಹೋಗಿ, ಅವರ ಪರದೆಯ ಮೇಲೆ ಹೊದಿಸಿದ್ದ ಟವೆಲ್ಲು ತೆಗೆದೆ. ಪ್ರಶ್ನೆ ಅಲ್ಲಿ ಕಾದು ಕೂತಿತ್ತು.

ಕುರ್ಚಿ ಖಾಲಿಯಿತ್ತು. ನಾನು ನಿಂತುಕೊಂಡೇ ಬಗ್ಗಿ ಪಾಸ್‌ವರ್ಡ್ ಒತ್ತಿದೆ.