ಐದು ನಿಮಿಷ ಮುಂಚೆ ಹೊಡೆದ ಗಂಟೆ

ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ನನಗೆ ಪಾಠ ಹೇಳಿದವರು ಒಂಬತ್ತು ಮಂದಿ. ಪಾಠ ಹೇಳುವುದನ್ನು ಕಲಿಸಿದವಳು ಒಬ್ಬಳೇ, ಗಂಟೆಯಕ್ಕ. ಇದನ್ನು ಹನ್ನೊಂದು ವರ್ಷದ ಮೇಲೆ ಬರೆಯುತ್ತಿದ್ದೇನೆ, ನಾಚಿಕೆ ಇನ್ನೂ ಹಾಗೇ ಇದೆ.

ಗಂಡ ತೀರಿಕೊಂಡ ವರ್ಷ ಅವನ ಕೆಲಸ ಅವಳಿಗೆ ಸಿಕ್ಕಿತ್ತು. ಗಂಟೆ ಹೊಡೆಯುವುದು, ಬೋರ್ಡು ಒರೆಸುವುದು, ಬೆಂಚು ಜೋಡಿಸುವುದು. ಅಕ್ಷರ ಬಾರದು, ಗಡಿಯಾರ ಮಾತ್ರ ಓದಲು ಬರುತ್ತಿತ್ತು. "ಪ್ರಿನ್ಸಿಪಾಲ್ರು ಲೇಟಾಗಿ ಬರ್ಬೋದು, ನನ್ನ ಗಂಟೆ ಬರೋ ಹಾಗಿಲ್ಲ" ಎಂದು ಜಂಬ ಕೊಚ್ಚುವಳು. ಕೊಚ್ಚಲಿ ಬಿಡಿ. ಇಪ್ಪತ್ತೆರಡು ವರ್ಷದಿಂದ ಎದುರು ಅಂಗಡಿಯ ಕ್ಷೌರಿಕ ಆ ಗಂಟೆ ಕೇಳಿಯೇ ತನ್ನ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ.

ಮೊದಲ ಅಭ್ಯಾಸ ಪಾಠದಲ್ಲೇ ನನ್ನ ಮಾನ ಹೋಯಿತು. ಭಿನ್ನರಾಶಿ ಹೇಳಲು ನಿಂತವಳು ಮಕ್ಕಳಿಗೆ ಬೆನ್ನು ಹಾಕಿ ಬೋರ್ಡಿಗೇ ಪಾಠ ಮಾಡಿದೆ. ಮೇಲ್ವಿಚಾರಕರು ಪುಸ್ತಕದಲ್ಲಿ ಒಂದೇ ಮಾತು ಬರೆದರು: 'ಕೇಳಿಸುತ್ತಿಲ್ಲ.' ಮೆಟ್ಟಿಲ ಕೆಳಗೆ ಕೂತು ಅಳುತ್ತಿದ್ದಾಗ ಗಂಟೆಯಕ್ಕ ಪೊರಕೆ ಹಿಡಿದು ಬಂದಳು.

"ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು ಅಂತ ಅಳ್ತೀಯಾ? ಸರಿ, ನಾನೇ ಕೋಣ. ಬಾ, ಬಾರಿಸು."

ಅಂದಿನಿಂದ ದಿನಾ ಕೊನೆಯ ಗಂಟೆಯಾದ ಮೇಲೆ ಮೂಲೆ ಕೋಣೆಯ ಹಿಂದಿನ ಬೆಂಚಿನಲ್ಲಿ ಅವಳು ಕೂರುತ್ತಿದ್ದಳು. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಕಾಯುತ್ತಿದ್ದರೂ ನನಗೆ ಅರ್ಧ ಗಂಟೆ ಕೊಡುತ್ತಿದ್ದಳು.

"ಎರಡಕ್ಕಿಂತ ನಾಲ್ಕು ದೊಡ್ಡದಲ್ವೇನೇ? ಮತ್ತೆ ಅರ್ಧಕ್ಕಿಂತ ಕಾಲು ಹೇಗೆ ಚಿಕ್ಕದಾಯ್ತು?"

ಕಾಗದ ಹರಿದು ತೋರಿಸಿದೆ. ಕೇಳಿದಳು, ತಲೆಯಾಡಿಸಿದಳು, ಆಮೇಲೆ "ಇನ್ನೊಂದ್ಸಲ ಹೇಳು" ಎಂದಳು. ಯಾವ ಪಾಠಕ್ಕೂ ಅದೇ ಮಾತು. ಒಂದು ದಿನ ಸಿಡುಕಿದೆ.

"ನಾನು ದಡ್ಡಿ ಅಂತ ಕೇಳ್ತಿಲ್ಲ ಕಣೆ. ಗೊತ್ತಿರೋರು ಎರಡನೇ ಸಲಾನೂ ಅದನ್ನೇ ಹೇಳ್ತಾರೆ. ಗೊತ್ತಿಲ್ದೋರು ಮಾತು ಬದಲಾಯಿಸ್ತಾರೆ. ಬಾಗಿಲಲ್ಲಿ ನಿಂತು ಎಷ್ಟು ಜನರನ್ನ ನೋಡಿಲ್ಲ ನಾನು!"

ಕೊನೆಯ ಪರೀಕ್ಷಾ ಪಾಠದಲ್ಲಿ ಇಡೀ ತರಗತಿಗೇ ನನಗೆ ಹೆಚ್ಚು ಅಂಕ ಬಂತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು?

ವರ್ಷದ ಕೊನೆಗೆ ಪಾಠಗಳ ದಪ್ಪ ರೆಕಾರ್ಡ್ ಪುಸ್ತಕ ಒಪ್ಪಿಸಬೇಕಿತ್ತು. ಅದರ ಮೊದಲ ಪುಟ ಕೃತಜ್ಞತೆ. ಆ ಪುಟವನ್ನು ನಮ್ಮಲ್ಲಿ ಯಾರೂ ಸ್ವಂತವಾಗಿ ಬರೆಯುತ್ತಿರಲಿಲ್ಲ, ಹಿಂದಿನ ವರ್ಷದವರದ್ದನ್ನು ನಕಲು ಮಾಡುತ್ತಿದ್ದೆವು. ನಾನೂ ಮುತ್ತು ಪೋಣಿಸಿದಂತೆ ನಕಲು ಮಾಡಿದೆ. ಪರೀಕ್ಷಕರು ಅದನ್ನು ಓದಿ, "ನಿಮ್ಮ ಯಜಮಾನ್ರು ಏನ್ ಮಾಡ್ತಾರೆ?" ಎಂದರು. "ಇನ್ನೂ ಮದುವೆ ಆಗಿಲ್ಲ ಸಾರ್" ಎಂದೆ. ಅವರು ಪುಟವನ್ನು ನನ್ನ ಕಡೆ ತಿರುಗಿಸಿದರು. 'ಹಗಲಿರುಳು ಸಹಕರಿಸಿದ ಪ್ರೀತಿಯ ಪತಿಗೆ' ನಾನು ಎರಡು ಸಾಲು ಕೃತಜ್ಞತೆ ಸಲ್ಲಿಸಿದ್ದೆ. ಕೋಣೆಯೆಲ್ಲ ನಕ್ಕಿತು. ನಾನೂ ನಕ್ಕೆ. ಆಗ ನಾಚಿಕೆಯಾಗಲಿಲ್ಲ.

ಸಹಿ ಹಾಕಿ ಕೊಟ್ಟ ಪುಸ್ತಕ ಹಿಡಿದು ಹೊರಗೆ ಬಂದಾಗ ಜಗಲಿಯಲ್ಲಿ ಗಂಟೆಯಕ್ಕ ಕೂತಿದ್ದಳು. ಸೆರಗಿಗೆ ಕೈ ಒರೆಸಿಕೊಂಡಳು.

"ಅದ್ರಲ್ಲಿ ಎಲ್ಲರಿಗೂ ಥ್ಯಾಂಕ್ಸ್ ಬರ್ದಿರ್ತಾರಂತಲ್ಲ. ನಂದೂ ಇದೆಯೇನೇ? ಓದು, ಕೇಳೋಣ."

ಇಲ್ಲ ಅನ್ನಬಹುದಿತ್ತು. ಕೈಮುಗಿದು ತಪ್ಪಾಯಿತು ಅನ್ನಬಹುದಿತ್ತು. ನಾನು ಪುಟ ತೆರೆದು, ಇಲ್ಲದ ಗಂಡನ ಸಾಲಿನ ಮೇಲೆ ಬೆರಳಿಟ್ಟು ಓದಿದೆ: "ತಾಯಿಯಂತೆ ತಿದ್ದಿದ ಗಂಟೆಯಕ್ಕನಿಗೆ ನಾನು ಎಂದೆಂದಿಗೂ ಋಣಿ."

ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಹಿಂದೆ ನೋಡಿರಲಿಲ್ಲ. ಕಣ್ಣು ಒರೆಸಿಕೊಂಡು, "ಇನ್ನೊಂದ್ಸಲ ಓದು" ಎಂದಳು.

"ಒಡಹುಟ್ಟಿದ ಅಕ್ಕನಂತೆ ಕೈಹಿಡಿದು ನಡೆಸಿದ ಗಂಟೆಯಕ್ಕನನ್ನು ಎಂದೂ ಮರೆಯಲಾರೆ."

ಬಾಯಿಂದ ಬಿದ್ದ ಮೇಲೆ ತಿಳಿಯಿತು. ಅವಳಿಗೆ ನನಗಿಂತ ಮುಂಚೆ ತಿಳಿದಿತ್ತು. ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಮೂರನೇ ಸಲ ಓದು ಎನ್ನುತ್ತಾಳೆಂದು ಪುಟವನ್ನೇ ನೋಡುತ್ತ ನಿಂತೆ.

"ಚೆನ್ನಾಗಿದೆ ಕಣೆ," ಎಂದು ಎದ್ದಳು. "ನಾಲ್ಕರ ಗಂಟೆಗೆ ಹೊತ್ತಾಯ್ತು, ಹೊಡಿಬೇಕು."

ಹೋಗಿ ಹೊಡೆದಳು. ಜಗಲಿಯ ಗಡಿಯಾರದಲ್ಲಿ ನಾಲ್ಕಕ್ಕೆ ಇನ್ನೂ ಐದು ನಿಮಿಷವಿತ್ತು. ಎದುರಿನ ಕ್ಷೌರಿಕ ಕತ್ತರಿ ಕೆಳಗಿಟ್ಟು, ಸ್ಟೂಲು ಹತ್ತಿ, ತನ್ನ ಗಡಿಯಾರದ ಮುಳ್ಳು ಮುಂದಕ್ಕೆ ತಿರುಗಿಸಿದ.