ಬೊಂಡದ ಕಲೆ

೧೯೯೬ರಲ್ಲಿ ನಾನು ಶಾಲೆ ಬಿಟ್ಟೆ. ಏಳನೆಯ ತರಗತಿಯೂ ಮುಗಿದಿರಲಿಲ್ಲ. ಆಮೇಲೆ ಕಲಿತದ್ದೆಲ್ಲ ಹೂವಿನ ಕೆಲಸ. ಉಡುಪಿ, ಮಣಿಪಾಲದ ಎಷ್ಟೋ ಮದುವೆ ಮಂಟಪಗಳನ್ನು ಸಿಂಗರಿಸಿದ್ದೇನೆ. ಹೂವು ಚುಚ್ಚಲು ಅಂಗಡಿಯಲ್ಲಿ ಸಿಗುವ ಹಸಿರು ಫೋಮನ್ನು ಮಾತ್ರ ಮುಟ್ಟಿದವನಲ್ಲ. ಸೊನೆ ಇಳಿದ ಬಾಳೆಯ ಬುಡ ತಂದು, ತೆಂಗಿನ ಗರಿಯ ಹಿಡಿಸೂಡಿ ಕಡ್ಡಿಯಿಂದ ತೂತು ಮಾಡಿ ತೊಟ್ಟು ಇಳಿಸಿದರೆ ಹೂವು ಮರುದಿನದವರೆಗೂ ನಗುತ್ತಿರುತ್ತದೆ.

ಈಗ ಜನರಿಗೆ ಬಟ್ಟೆಯ ಹೂವೇ ಸಾಕು. ತೊಳೆದು ಮತ್ತೆ ಹಾಕಬಹುದಂತೆ. ಕೆಲಸವಿಲ್ಲದೆ ಕೂತಿದ್ದಾಗ ಕಾಪುವಿನ ಒಂದು ಮದುವೆ ಬಂತು. ಮದುಮಗಳ ತಾಯಿ ಹೇಳಿದರು: "ಫೋಮು, ಪ್ಲಾಸ್ಟಿಕ್ಕು ಎಂತದೂ ಬೇಡ. ಎಲ್ಲ ಮಣ್ಣಿಗೆ ಸೇರುವಂಥದ್ದೇ ಆಗಬೇಕು. ಚಂದ ಆದರೆ ನಮ್ಮ ಕುಟುಂಬದ ಮುಂದಿನ ಮದುವೆಗಳೂ ನಿಮಗೇ." ಆಗಲಿ ಎಂದು ಮಾತು ಕೊಟ್ಟೆ. ಇದು ಕೆಟ್ಟರೆ ಕಸುಬೇ ಮುಗಿಯಿತು ಎಂದು ನನಗೂ ನನ್ನ ಹೆಂಡತಿಗೂ ಗೊತ್ತಿತ್ತು.

ಬಾಳೆ ಬರುವುದು ಕಾರ್ಕಳದ ಕಡೆಯ ಅಜೆಕಾರಿನಿಂದ. ಅಲ್ಲಿನ ತೋಟದ ಹಳಬರು ತೀರಿಹೋಗಿ ಈಗ ಅವರ ಅಳಿಯ ನೋಡಿಕೊಳ್ಳುತ್ತಾನೆ. "ಮದುವೆಗೆ ಬಾಳೆದಂಡು ಬೇಕು" ಎಂದು ಫೋನಿನಲ್ಲಿ ಹೇಳಿದ್ದೆ. ಅವನ ಮಾವನಿಗೆ ಯಾವಾಗಲೂ ಅಷ್ಟೇ ಹೇಳುತ್ತಿದ್ದದ್ದು; ಪದರ ಸಹಿತ ಇಡೀ ಬುಡ ಎಂದು ಅವರಿಗೆ ಗೊತ್ತಿತ್ತು.

ಮದುವೆಯ ಮುನ್ನಾದಿನ ಸಂಜೆ ಅವನ ಟೆಂಪೋ ಮದುವೆ ಹಾಲ್‌ಗೆ ಬಂತು. ಒಳಗೆ ಬಿಳಿ ಬಿಳಿ ತಿರುಳು, ಮುಂಗೈ ದಪ್ಪದ್ದು. ಹೊರಗಿನ ಪದರ ಒಂದೂ ಇರಲಿಲ್ಲ.

"ಚಂದ ಮಾಡಿ ಸುಲಿದು ತಂದಿದ್ದೇನೆ ಅಣ್ಣ. ಪಲ್ಯಕ್ಕೆ ಅಲ್ವಾ?"

"ಹೂವಿಗೆ ಮಾರಾಯ! ಸುಲಿದದ್ದೆಲ್ಲ ಎಲ್ಲಿ?"

"ದನಗಳಿಗೆ ಹಾಕಿ ಆಯ್ತಲ್ಲ!"

ಅಡುಗೆಭಟ್ಟರು ಮಾತ್ರ ಖುಷಿಪಟ್ಟರು. "ಇಲ್ಲಿ ಕೊಡಿ, ನಾಳೆಗೆ ಒಂದು ಪಲ್ಯ ಜಾಸ್ತಿ ಆಯಿತು." ಒಂದು ತುಂಡಿಗೆ ಕಡ್ಡಿ ಚುಚ್ಚಿ ನೋಡಿದೆ. ಮೂರನೆಯ ತೂತಿಗೆ ತಿರುಳೇ ಮುರಿದು ಬಿತ್ತು.

ಹಾಲ್‌ನ ಹಿಂದಿನ ಮನೆಯ ಬಾಳೆ ಕೇಳಲು ಹೋದೆ. ಯಾರ ಬಾಗಿಲಲ್ಲೂ ಕೈಯೊಡ್ಡಿದವನಲ್ಲ ನಾನು. ಆ ಮನೆಯ ಅಜ್ಜಿ, "ಗೊನೆ ಬಿಡದ ಬಾಳೆ ಕಡಿಯಲು ನಿಮಗೆ ಮನಸ್ಸು ಹೇಗೆ ಬರ್ತದೆ?" ಎಂದು ಬಾಗಿಲು ಹಾಕಿದರು.

"ಉಡುಪಿಗೆ ಹೋಗಿ ಫೋಮು ತನ್ನಿ, ಯಾರಿಗೆ ಗೊತ್ತಾಗ್ತದೆ?" ಎಂದಳು ಹೆಂಡತಿ.

"ನನಗೆ ಗೊತ್ತಾಗ್ತದಲ್ಲ."

"ಹಾಗಾದರೆ ಹೂವನ್ನು ನಿಮ್ಮ ಮಾತಿಗೇ ಚುಚ್ಚಿ ನಿಲ್ಲಿಸಿ!"

ಹಾಲ್‌ನ ಅಂಗಳದ ಮೂಲೆಯಲ್ಲಿ ಮೆಹಂದಿಗೆ ಬಂದವರು ಕುಡಿದೆಸೆದ ಬೊಂಡಗಳ ರಾಶಿ ಇತ್ತು. ಎಳನೀರಿನ ಹಸಿ ಸಿಪ್ಪೆ ಮೆತ್ತಗೆ, ಒಳಗೆಲ್ಲ ನೀರು. ಕಡ್ಡಿ ಚುಚ್ಚಿದೆ, ನಿಂತಿತು.

"ಕಲೆ?" ಎಂದಳು ಅವಳು.

ಬೊಂಡದ ಕಲೆ ಗೊತ್ತಿಲ್ಲದವರು ನಮ್ಮಲ್ಲಿ ಯಾರು? ಬಿದ್ದಾಗ ಕಾಣುವುದಿಲ್ಲ, ಒಣಗುತ್ತ ಕೆಂಪಾಗುತ್ತದೆ, ಮತ್ತೆ ಯಾವ ಸೋಪಿಗೂ ಹೋಗುವುದಿಲ್ಲ. ನನ್ನ ಮಂಟಪದ ಹಿಂದಿನ ಪರದೆ ಬಿಳಿ ಬಟ್ಟೆಯದು. ಸಿಪ್ಪೆಗೆ ಹೂವು ಚುಚ್ಚಿ ಅದರ ಮೇಲೆ ಕಟ್ಟುವಾಗ, ನೀರು ತಾಗದ ಹಾಗೆ ಹಿಂದೆ ಊಟದ ಬಾಳೆಲೆ ಇಟ್ಟೆವು. ಮುಹೂರ್ತದವರೆಗೆ ತಡೆದರೆ ಸಾಕು, ದೇವರೇ, ಎಂದುಕೊಂಡೆ.

ಬೆಳಿಗ್ಗೆ ಮಂಟಪ ನೋಡಿ ಎಲ್ಲರೂ ಫೋಟೋ ತೆಗೆದುಕೊಂಡರು. ನಾನು ಕಂಬದ ಪಕ್ಕ ನಿಂತು ಬಟ್ಟೆಯನ್ನೇ ನೋಡುತ್ತಿದ್ದೆ. ಕಡ್ಡಿ ಹೊಕ್ಕಲ್ಲಿ ಬಾಳೆಲೆ ಸೀಳಿಹೋಗಿತ್ತು. ವರ ಬಂದು ಕೂತ. ಧಾರೆ ಎರೆಯುವ ಹೊತ್ತಿಗೆ ಬಟ್ಟೆಯಲ್ಲಿ ತಿಳಿ ಹಳದಿ ಗೆರೆಯೊಂದು ಇಳಿಯಿತು. ಬೇಗ, ಬೇಗ ಎಂದು ನನ್ನ ಬಾಯಿ ತಾನಾಗಿ ಹೇಳುತ್ತಿತ್ತು. ತಾಳಿ ಕಟ್ಟಿದಾಗ ಗೆರೆ ಕಂದಾಗಿತ್ತು. ಮನೆಯವರೆಲ್ಲ ಫೋಟೋಕ್ಕೆ ನಿಲ್ಲುವಾಗ ಮದುಮಗಳ ನೆತ್ತಿಯ ಹಿಂದಿನಿಂದ ಉದ್ದಕ್ಕೂ ಕೆಂಪು.

ತಾಯಿ ತಿರುಗಿ ನೋಡಿದರು. "ಇದೆಂತ ಮಾರಾಯ್ರೆ, ಶುಭದ ದಿನ ರಕ್ತದ ಹಾಗೆ?"

"ಬೊಂಡದ್ದು ಅಮ್ಮ. ಎಲ್ಲ ಮಣ್ಣಿಗೆ ಸೇರುವಂಥದ್ದೇ."

ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಊಟ ಮಾಡಿಕೊಂಡು ಹೋಗಿ" ಎಂದರು. ಎಲೆಯ ಮೇಲೆ ಬಾಳೆದಂಡಿನ ಪಲ್ಯ ಬಂತು. ಬದಿಗೆ ಸರಿಸಿದೆ.

ಆ ಮನೆಯಲ್ಲಿ ಆಮೇಲೆಯೂ ಮದುವೆಯಾಗಿದೆ. ನನ್ನನ್ನು ಕರೆಯಲಿಲ್ಲ. ಈಗ ನನ್ನಲ್ಲಿರುವುದು ಒಂದು ಕತ್ತಿ, ಎರಡು ಕತ್ತರಿ, ಒಂದು ಕಟ್ಟು ಹಿಡಿಸೂಡಿ ಕಡ್ಡಿ, ಕಲೆಯ ಒಂದು ಪರದೆ. ಒಪ್ಪಿಕೊಂಡ ಮದುವೆ ಒಂದೂ ಇಲ್ಲ.