ಆರು ವಿಭಕ್ತಿಗಳ ರಷ್ಯನ್

ಅರವತ್ತರ ದಶಕದ ಕೊನೆಯಲ್ಲಿ ನಾನು ಧಾರವಾಡ ಬಿಟ್ಟು ನಾಸಿಕದ ಹತ್ತಿರದ ಓಝರಿನ ವಿಮಾನ ಕಾರ್ಖಾನೆಗೆ ಸೇರಿದೆ. ತಯಾರಾದ ಬಿಡಿಭಾಗಗಳನ್ನು ನಕ್ಷೆಗೆ ಹೋಲಿಸಿ ಪರೀಕ್ಷಿಸುವುದು ನನ್ನ ಕೆಲಸ. ವಿಮಾನ ರಷ್ಯಾದ ವಿನ್ಯಾಸದ್ದು, ನಕ್ಷೆಗಳೆಲ್ಲ ರಷ್ಯನ್ ಭಾಷೆಯಲ್ಲಿದ್ದವು. ಹೀಗಾಗಿ ವಾರಕ್ಕೆ ಮೂರು ಸಂಜೆ ನಮಗೆ ರಷ್ಯನ್ ತರಗತಿ.

ಕಲಿಸುತ್ತಿದ್ದವರು ಪುಣೆಯಿಂದ ಬಂದಿದ್ದ ಒಬ್ಬ ಮಾಸ್ತರರು. ಅವರು ರಷ್ಯಾ ನೋಡಿರಲಿಲ್ಲ. ನಮ್ಮ ಕಾಲನಿಯಲ್ಲೇ ಇದ್ದ ರಷ್ಯನ್ನರು ಎದುರಿಗೆ ಬಂದರೆ ಇವರು ರಸ್ತೆಯ ಆಚೆ ಬದಿಗೆ ಸರಿಯುತ್ತಿದ್ದರು. ಆದರೆ ವ್ಯಾಕರಣ ಅವರ ಬಾಯಲ್ಲಿ ನೀರು ಕುಡಿದಷ್ಟು ಸಲೀಸು. ರಷ್ಯನ್ನಿಗೆ ಆರು ವಿಭಕ್ತಿ. ಸಂಸ್ಕೃತದಲ್ಲಿ ಏಳನ್ನು ಗಟ್ಟಿ ಮಾಡಿದ್ದ ನನಗೆ ಆರು ಏನು ಮಹಾ ಅನ್ನಿಸಿತು. ಬೆಳಿಗ್ಗೆ ಹಲ್ಲುಜ್ಜುವಾಗಲೂ ಅವನ್ನೇ ಹೇಳಿಕೊಳ್ಳುತ್ತಿದ್ದೆ. ಮೊದಲ ವರ್ಷದ ಪರೀಕ್ಷೆಯಲ್ಲಿ ನಾನೇ ಮೊದಲಿಗ.

ಅದೇ ಹೊತ್ತಿಗೆ ನನ್ನ ಹೆಂಡತಿ ಮರಾಠಿ ಕಲಿಯಬೇಕಾಗಿತ್ತು. ಅವಳು ಗದಗ ಕಡೆಯವಳು, ಕನ್ನಡ ಬಿಟ್ಟರೆ ಬೇರೆ ಮಾತು ಬಾರದು. ನಾನು ಒಂದು ಮರಾಠಿ ವ್ಯಾಕರಣ ತಂದುಕೊಟ್ಟೆ. ಅವಳು ಅದನ್ನು ಅಲುಗುತ್ತಿದ್ದ ಟ್ರಂಕಿನ ಕೆಳಗಿಟ್ಟು ಸಮ ಮಾಡಿಕೊಂಡಳು.

"ಇದನ್ನ ಓದಿ ಮುಗಸೂತನಕಾ ಮನ್ಯಾಗ ಪಲ್ಯ ಇಲ್ದ ಕೂಡಬೇಕಾಗ್ತದ್ರಿ" ಎಂದಳು.

ಅವಳು ಕಲಿತದ್ದು ಓಝರಿನ ಸಂತೆಯಲ್ಲಿ, ಮೆಂತ್ಯ ಕೊತ್ತಂಬರಿ ಮಾರುವ ಒಬ್ಬ ಮುದುಕಿಯ ಮುಂದೆ ಕೂತು. ಅಲ್ಲಿ ಅವಳಿಗೊಬ್ಬ ಸಹಪಾಠಿಯೂ ಸಿಕ್ಕಳು. ನಮ್ಮ ಎದುರು ಸಾಲಿನ ಕ್ವಾರ್ಟರ್ಸಿನಲ್ಲಿದ್ದ ರಷ್ಯನ್ ಇಂಜಿನಿಯರನ ಹೆಂಡತಿ. ಇಬ್ಬರಿಗೂ ಮರಾಠಿ ಬಾರದು, ಮುದುಕಿಗೆ ಬೇರೇನೂ ಬಾರದು. ತಪ್ಪು ಹೇಳಿದರೆ ಮುದುಕಿ ಸೊಪ್ಪಿನ ಸೂಡನ್ನು ಕೊಡದೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳಂತೆ, ಸರಿಯಾಗಿ ಹೇಳಿದ ಮೇಲೆಯೇ ಕೈಗೆ. ನಮ್ಮ ಮಾಸ್ತರರ ಬಳಿ ಇಂಥ ಉಪಾಯ ಒಂದೂ ಇರಲಿಲ್ಲ.

ವರ್ಷ ತುಂಬುವುದರೊಳಗೆ ಆ ಇಬ್ಬರು ಹೆಂಗಸರು ನಮ್ಮ ಪಡಸಾಲೆಯಲ್ಲಿ ಕೂತು ಗಂಟೆಗಟ್ಟಲೆ ಮಾತಾಡುತ್ತಿದ್ದರು. ಅದು ಮರಾಠಿಯೇ, ಆದರೆ ನಡುನಡುವೆ ಗದಗಿನ ಕನ್ನಡ, ನಡುನಡುವೆ ರಷ್ಯನ್. ನಾನು ಒಳಕೋಣೆಯಲ್ಲಿ ಕೂತು ಅದರಲ್ಲಿನ ವಿಭಕ್ತಿ ದೋಷಗಳನ್ನು ಎಣಿಸುತ್ತಿದ್ದೆ.

ಹೀಗಿರುವಾಗ ಒಂದು ಭಾನುವಾರ ಕಾರ್ಖಾನೆಯವರು ವಿದೇಶಿ ಅತಿಥಿಗಳಿಗಾಗಿ ದೌಲತಾಬಾದಿನ ಕೋಟೆಗೆ ಬಸ್ಸು ಹೊರಡಿಸಿದರು. ದುಭಾಷಿಗೆ ಜ್ವರ. ಪರೀಕ್ಷೆಯಲ್ಲಿ ಮೊದಲು ಬಂದವನೆಂದು ಆ ಜಾಗಕ್ಕೆ ನನ್ನನ್ನು ಕಳಿಸಿದರು. ಹೆಂಡತಿ ಗೆಳತಿಯ ಜೊತೆಗೆಂದು ಬಂದಳು.

ಬಸ್ಸಿನಲ್ಲಿ ಇಂಜಿನಿಯರನ ಪಕ್ಕ ಕೂತು, ಹಿಂದಿನ ದಿನವೇ ಬರೆದು ತಿದ್ದಿಟ್ಟಿದ್ದ ಸ್ವಾಗತದ ವಾಕ್ಯವನ್ನು ಒಪ್ಪಿಸಿದೆ. ಆತ ತಲೆದೂಗುತ್ತ ಗೌರವದಿಂದ ಕೇಳಿದ. ಕೊನೆಗೆ ನಿಧಾನವಾದ ರಷ್ಯನ್ನಿನಲ್ಲಿ, ತನಗೆ ಮರಾಠಿ ಬರುವುದಿಲ್ಲವೆಂದು ಕ್ಷಮೆ ಕೇಳಿದ.

ಕೋಟೆಯ ಮೆಟ್ಟಿಲು ಇಳಿಯುವಾಗ ಅವನ ಹೆಂಡತಿ ಕಾಲು ಜಾರಿ ಬಿದ್ದಳು. ಪಾದದ ಗಂಟು ನೋಡನೋಡುತ್ತ ಊದಿಕೊಂಡಿತು. ಅವಳನ್ನು ಬಸ್ಸಿಗೆ ಹತ್ತಿಸಿ ಆಗಿನ ಔರಂಗಾಬಾದಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಹೆಂಗಸರಿಬ್ಬರೂ ಡಾಕ್ಟರ ಜೊತೆ ಒಳಗೆ, ಗಂಡಸರಿಬ್ಬರೂ ಪರದೆಯ ಆಚೆ ಬೆಂಚಿನ ಮೇಲೆ.

ಒಳಗೆ ಡಾಕ್ಟರು ಎಕ್ಸ್‌ರೇ ತೆಗೆಯಬೇಕೆಂದರು. ಆಕೆ ಬೇಡವೆಂದಳು. ಯಾಕೆಂದು ಅವರು ಕೇಳಿದಾಗ ಶುದ್ಧ ಸಂತೆ ಮರಾಠಿಯಲ್ಲಿ ಹೇಳಿದಳು: "ಮಲಾ ದಿವಸ್ ಗೇಲೇತ್."

ಬಿಳಿಯ ಹೆಂಗಸಿನ ಬಾಯಲ್ಲಿ ಆ ಮಾತು ಕೇಳಿ ಡಾಕ್ಟರು ದಂಗಾಗಿರಬೇಕು.

ಗಂಡ ನನ್ನ ತೋಳು ಹಿಡಿದು, "ಏನಂದಳು?" ಎಂದು ಕೇಳಿದ. ಪದಗಳೇನೋ ನನಗೆ ಗೊತ್ತಿದ್ದವು. ದಿವಸ್ ಅಂದರೆ ದಿನಗಳು, ಗೇಲೇತ್ ಅಂದರೆ ಹೋಗಿವೆ. ಒಂದು ವಿಭಕ್ತಿಯೂ ತಪ್ಪದಂತೆ ರಷ್ಯನ್ನಿನಲ್ಲಿ ಹೇಳಿದೆ: "ಆಕೆಗೆ ದಿನಗಳು ಹೋಗಿವೆ."

"ಎಷ್ಟು ದಿನ?" ಎಂದ.

"ಹೇಳಲಿಲ್ಲ" ಎಂದೆ.

ಅವನ ಮುಖ ಬಿಳುಚಿತು. ಪೆಟ್ಟು ಹಳೆಯದು, ತನ್ನಿಂದ ಮುಚ್ಚಿಟ್ಟಿದ್ದಾಳೆ ಎಂದುಕೊಂಡನೋ, ಇನ್ನು ಬದುಕುವ ದಿನ ಮುಗಿದವು ಎಂದುಕೊಂಡನೋ. ನಾನು ಸಮಾಧಾನ ಹೇಳಲು ಸರಿಯಾದ ಕ್ರಿಯಾಪದ ಹುಡುಕುತ್ತಿದ್ದಾಗ ನನ್ನ ಹೆಂಡತಿ ಪರದೆ ಸರಿಸಿ ಹೊರಗೆ ಬಂದಳು.

"ಏನ್ ಹೇಳೀರಿ ಅವರಿಗೆ? ಯಾಕ್ ಹಿಂಗ ಕುಂತಾರ?"

"ದಿನ ಹೋದವು ಅಂದೆ."

"ಅಯ್ಯ, ಹಂಗಂದ್ರ ಆಕಿ ಬಸುರಿ ಅದಾಳ್ರಿ. ಎರಡು ತಿಂಗಳಾತು. ಇವತ್ತ ಕೋಟಿ ಮ್ಯಾಲೆ ಗಂಡಗ ಹೇಳಬೇಕಂತಿದ್ಲು."

ಬಸುರಿ ಎಂಬುದಕ್ಕೆ ರಷ್ಯನ್ ಪದ ನನಗೆ ಗೊತ್ತಿರಲಿಲ್ಲ. ರೆಕ್ಕೆ, ಇಂಧನದ ತೊಟ್ಟಿ, ಬಿರುಕು, ತುಕ್ಕು, ಎಲ್ಲ ಗೊತ್ತಿದ್ದವು. ನಾನು ಬಾಯಿ ತೆರೆದು ಮುಚ್ಚುವುದನ್ನು ಹೆಂಡತಿ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಅವನ ಕಡೆ ತಿರುಗಿ ಎರಡೂ ಕೈ ಜೋಡಿಸಿ ಕೂಸನ್ನು ತೂಗುವ ಹಾಗೆ ತೂಗಿದಳು. ಅವನು ಬೆಂಚಿನಿಂದ ಎದ್ದ, ಮತ್ತೆ ಕೂತ, ಮುಖ ಮುಚ್ಚಿಕೊಂಡು ಅತ್ತ. ನಂತರ ಪರದೆಯೊಳಗೆ ಓಡಿದ. ಡಾಕ್ಟರು ಕೈಯಿಂದಲೇ ಒತ್ತಿ ನೋಡಿದರು, ಮೂಳೆ ಮುರಿದಿರಲಿಲ್ಲ, ಬರೇ ಉಳುಕು.

ಹಿಂದಿರುಗುವ ದಾರಿಯಲ್ಲಿ ನನಗೆ ತುಂಬ ನಾಚಿಕೆಯಾಗಿತ್ತು. ಅವನೇ ಬಂದು ಪಕ್ಕ ಕೂತ. ನನ್ನ ಹೆಂಡತಿ ಮಾಡಿದ ಹಾಗೆ ಕೈ ತೂಗಿ ತೋರಿಸಿ, ಅದಕ್ಕೆ ರಷ್ಯನ್ ಪದ ಹೇಳಿ, ನನ್ನಿಂದ ನಾಲ್ಕು ಸಲ ಹೇಳಿಸಿದ. ಪುಸ್ತಕದ ಹೊರಗೆ ನಾನು ಕಲಿತ ಮೊದಲ ಪದ ಅದು.

ಮರುದಿನದಿಂದ ಸಂಜೆ ನಾನೂ ಅವನೂ ಚೀಲ ಹಿಡಿದು ಜೊತೆಯಾಗಿ ಪೇಟೆಗೆ ಹೊರಟೆವು. ಅವನು ಕಂಡದ್ದರ ಹೆಸರು ಹೇಳುತ್ತಿದ್ದ, ನಾನು ತಪ್ಪುತಪ್ಪಾಗಿ ಉತ್ತರ ಕೊಡುತ್ತಿದ್ದೆ. ಅವನು ನಗುತ್ತಿದ್ದ, ಆದರೆ ಅರ್ಥ ಮಾಡಿಕೊಳ್ಳುತ್ತಿದ್ದ. ಕಾರ್ಖಾನೆಯಲ್ಲಿ ನಕ್ಷೆಯ ವಿಷಯಕ್ಕೆ ತಕರಾರು ಬಂದಾಗ ನನ್ನನ್ನೇ ಕರೆಯತೊಡಗಿದರು. ಆ ವರ್ಷದ ಪರೀಕ್ಷೆಯಲ್ಲಿ ಮಾತ್ರ ನಾನು ಹೇಗೋ ದಾಟಿದೆ.

ಮಾಸ್ತರರು ನನ್ನ ಉತ್ತರಪತ್ರಿಕೆ ಹಿಡಿದು ನೊಂದುಕೊಂಡರು. "ಎಷ್ಟು ಚೆನ್ನಾಗಿ ಬರುತ್ತಿತ್ತು ನಿಮಗೆ. ಯಾರ ಸಹವಾಸ ಮಾಡಿ ಹೀಗಾಯಿತು?"

"ರಷ್ಯನ್ನರದು" ಎಂದೆ. ಅವರು ಹಾಗೇ ಅಂದುಕೊಂಡಿದ್ದೆ ಎಂಬಂತೆ ತಲೆಯಾಡಿಸಿದರು.

ಎಪ್ಪತ್ತರ ದಶಕ ಶುರುವಾಗಿ ಸ್ವಲ್ಪ ಕಾಲಕ್ಕೆ ಆ ಕುಟುಂಬ ಮಗಳನ್ನು ಎತ್ತಿಕೊಂಡು ಊರಿಗೆ ಮರಳಿತು. ಕೆಲವು ತಿಂಗಳ ಮೇಲೆ ನನ್ನ ಹೆಂಡತಿಯ ಹೆಸರಿಗೆ ರಷ್ಯನ್ ಅಕ್ಷರಗಳ ಒಂದು ಕಾಗದ ಬಂತು. ನಾನು ನಿಘಂಟು ತೆಗೆದುಕೊಂಡು ಎರಡು ಸಂಜೆ ಕೂತೆ. ಒಂದು ಪದವೂ ಸಿಗಲಿಲ್ಲ. ಯಾವುದೋ ಪ್ರಾಂತದ ಆಡುಭಾಷೆ ಇರಬೇಕೆಂದು ಹೆಂಡತಿಗೆ ಹೇಳಿದೆ.

"ಅರ್ಥ ಇರಲಿ, ಸುಮ್ನ ಜೋರಾಗಿ ಓದ್ರಿ" ಎಂದಳು ಅಡುಗೆಮನೆಯಿಂದ.

ಅಕ್ಷರ ಕೂಡಿಸಿಕೊಂಡು ಓದಿದೆ. ಎರಡನೆಯ ಸಾಲಿಗೆ ಅವಳು ನಕ್ಕಳು. ಮೂರನೆಯ ಸಾಲಿಗೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಾಗದ ಪೂರ್ತಿ ಮರಾಠಿಯಲ್ಲಿತ್ತು. ಅಲ್ಲಿ ಮೆಂತ್ಯ ಸಿಗುವುದಿಲ್ಲವಂತೆ, ಕೂಸಿಗೆ ಹಲ್ಲು ಬಂದಿದೆಯಂತೆ. ನಾನು ಓದುತ್ತ ಹೋದೆ, ಅವಳು ನನಗೆ ಅರ್ಥ ಹೇಳುತ್ತ ಹೋದಳು.